ಬೊಲೆರೋಗೆ, ಪಿಕಪ್ಪಿಗೆ ಊರಲ್ಲೇ ಕ್ಯಾರಿಯರ್ ಮಾಡ್ಸೋದು ಹೇಗೆ: ಪೈಪಿಗಿಂತ ಮುಂಚೆ ಕಾಲು ನೋಡಿ

ಸಕಲೇಶಪುರ, ಮೂಡಿಗೆರೆ, ಕಳಸ, ತೀರ್ಥಹಳ್ಳಿ ಈ ಕಡೆಯೆಲ್ಲ ಬೊಲೆರೋನೋ ಪಿಕಪ್ಪೋ ಇಟ್ಕೊಂಡಿರೋರಿಗೆ ಮೇಲೊಂದು ಕ್ಯಾರಿಯರ್ ಇಲ್ದೆ ಕೆಲ್ಸ ನಡಿಯಲ್ಲ. ಮೆಣಸು ಕುಯ್ಯೋ ಏಣಿ, ಅಡಿಕೆ ದೋಟಿ, ಸ್ಪ್ರಿಂಕ್ಲರ್ ಪೈಪು, ಟಾರ್ಪಾಲು ಇವೆಲ್ಲ ಗಾಡಿ ಒಳಗೆ ಹಿಡಿಯೋ ಸಾಮಾನಲ್ಲ. ಈಗ ಥಾರ್, ಜಿಮ್ನಿ, ವಿ-ಕ್ರಾಸ್ ತಗೊಂಡು ಕ್ಯಾಂಪಿಂಗ್ ಹೋಗೋ ಹುಡುಗ್ರೂ ಜಾಸ್ತಿ ಆಗಿದಾರೆ, ಅವ್ರಿಗೂ ಟೆಂಟು, ಸ್ಟೆಪ್ನಿ ಇಡೋಕೆ ಜಾಗ ಬೇಕು. ರೆಡಿಮೇಡ್ ಸಿಗತ್ತೆ, ಆದ್ರೆ ರೇಟ್ ಕೇಳಿದ್ರೆ ವಾಪಸ್ ಬರೋ ಹಾಗಿರತ್ತೆ, ಜೊತೆಗೆ ನಮ್ಮ ಏಣಿಯ ಅಳತೆಗೆ, ನಮ್ಮ ತೋಟದ ದಾರಿಗೆ ಅದು ಮಾಡಿರೋದಲ್ಲ. ಅದಕ್ಕೇ ಊರಿನ ವೆಲ್ಡಿಂಗ್ ಶಾಪಲ್ಲಿ ಮಾಡ್ಸೋದೇ ಒಳ್ಳೇದು ಅಂತ ನಾನು ಯಾವಾಗ್ಲೂ ಹೇಳೋದು.

ಆದ್ರೆ ಶಾಪಿಗೆ ಹೋಗಿ "ಅಣ್ಣಾ ಒಂದು ಗಟ್ಟಿ ಕ್ಯಾರಿಯರ್ ಮಾಡ್ಕೊಡಿ" ಅಂತ ಅಷ್ಟೇ ಹೇಳಿದ್ರೆ ಅವ್ರು ಗೇಟಿಗೆ ಹಾಕೋ ದಪ್ಪ ಪೈಪ್ ತಗೊಂಡು, ಕೆಳಗೆ ಜಾಲರಿ ಹಾಕಿ, ನಾಲ್ಕೇ ನಾಲ್ಕು ಕ್ಲಾಂಪಿನ ಮೇಲೆ ನಿಲ್ಸಿ ಕೊಡ್ತಾರೆ. ನೋಡೋಕೆ ಗಟ್ಟಿಯಾಗೇ ಕಾಣತ್ತೆ. ಒಂದು ಮಳೆಗಾಲ ತೋಟದ ರಸ್ತೇಲಿ ಓಡಿದ್ಮೇಲೆ ಕ್ಯಾರಿಯರ್‌ಗೆ ಏನೂ ಆಗಿರಲ್ಲ, ಗಾಡಿ ಟಾಪಿಗೆ ಆಗಿರತ್ತೆ. ಅಂಥ ಒಂದು ಬೊಲೆರೋನ ಹತ್ರದಿಂದ ನೋಡಿದೀನಿ. ಕ್ಲಾಂಪ್ ಕೂತಿದ್ದ ಜಾಗದಲ್ಲಿ ಗಟರ್ (ಟಾಪಿನ ಅಂಚಲ್ಲಿರೋ ಮಳೆನೀರಿನ ಕಾಲುವೆ) ಹೊರಗಡೆಗೆ ಬಾಯಿ ಬಿಟ್ಕೊಂಡಿತ್ತು, ಸೀಲಂಟ್ ಕೂದ್ಲೆಳೆಯಷ್ಟು ಬಿರುಕು ಬಿಟ್ಟು ಅದರ ಗುಂಟ ಕಂದು ಬಣ್ಣದ ತುಕ್ಕಿನ ಗೆರೆ, ಒಳಗೆ ಕೈಹಾಕಿ ಲೈನಿಂಗ್ ಬಟ್ಟೆ ಒತ್ತಿದ್ರೆ ನೀರು. ಪೈಪು ಎಷ್ಟು ಗಟ್ಟಿ ಅನ್ನೋದು ಆಮೇಲಿನ ಮಾತು, ಭಾರ ಎಲ್ಲಿ ಇಳಿಯತ್ತೆ, ಎಷ್ಟು ಕಾಲಿನ ಮೇಲೆ ಇಳಿಯತ್ತೆ ಅನ್ನೋದನ್ನ ಮೊದಲು ತೀರ್ಮಾನ ಮಾಡ್ಬೇಕು. ಕಾಲು ಸರಿ ಇದ್ರೆ ತೆಳು ಪೈಪೇ ಸಾಕು.

ಮೊದ್ಲು ನಿಮ್ಮ ಗಾಡಿ ಟಾಪ್ ಎಂಥದ್ದು ನೋಡಿ

ಬೊಲೆರೋ, ಹಳೇ ಸುಮೋ, ಓಮ್ನಿ, ಜಿಪ್ಸಿ ಹಾರ್ಡ್ ಟಾಪ್, ಈಗಿನ ಜಿಮ್ನಿ ಇವಕ್ಕೆಲ್ಲ ಟಾಪಿನ ಅಂಚಲ್ಲಿ ಮಳೆನೀರು ಹರಿಯೋಕೆ ಉದ್ದಕ್ಕೂ ಗಟರ್ ಇರತ್ತೆ. ಟಾಪಿನ ಶೀಟೂ ಪಕ್ಕದ ಶೀಟೂ ಒಂದಕ್ಕೊಂದು ಸೇರಿ ವೆಲ್ಡ್ ಆಗಿರೋ ಜಾಗ ಅದು, ಪದರ ಜಾಸ್ತಿ ಇರೋದ್ರಿಂದ ಗಟ್ಟಿ, ಕೆಳಗಡೆ ಟಾಪನ್ನ ಹೊತ್ತಿರೋ ಪಿಲ್ಲರ್‌ಗಳು ನೇರವಾಗಿ ನಿಂತಿರ್ತವೆ. ಕ್ಯಾರಿಯರ್ ಕಾಲು ಕೂರಿಸೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ, ತೂತು ಹೊಡಿಯೋದೇ ಬೇಡ. ಗಟರ್ ಇಲ್ಲದ ಗಾಡಿ ಆದ್ರೆ ಕಂಪನಿ ಕೊಟ್ಟಿರೋ ರೂಫ್ ರೈಲ್ ನೋಡಿ. ಇಲ್ಲೊಂದು ಹುಷಾರು: ಕೆಲವು ಗಾಡಿ ರೈಲು ಬರೀ ಅಂದಕ್ಕೆ ಅಂಟಿಸಿರೋ ಪ್ಲಾಸ್ಟಿಕ್ಕು, ಭಾರ ಹೊರೋಕಲ್ಲ. ಓನರ್ಸ್ ಮ್ಯಾನ್ಯುಯಲ್ಲಲ್ಲಿ ಬರೆದಿರತ್ತೆ, ಓದದೆ ಕೈಹಾಕ್ಬೇಡಿ. ಫೈಬರ್ ಟಾಪ್ ಇರೋ ಜೀಪಿಗೆ ಟಾಪಿನ ಮೇಲೆ ಕಾಲು ಊರೋ ಯೋಚ್ನೇನೇ ಬಿಟ್ಬಿಡಿ, ಭಾರ ಎಲ್ಲ ಹೊರಗಿಂದ ಬಾಡಿ ಟಬ್ಬಿಗೋ ಚಾಸಿಗೋ ಇಳಿಯೋ ಹಂಗೆ ಬೇರೆ ಫ್ರೇಮ್ ಬೇಕಾಗತ್ತೆ, ಅದು ದೊಡ್ಡ ಕೆಲ್ಸ, ಈ ಬರಹದಲ್ಲಿ ಅದಕ್ಕೆ ಕೈಹಾಕಲ್ಲ.

ಇನ್ನು ಟಾಪ್ ಮೇಲೆ ಎಷ್ಟು ಕೆಜಿ ಹಾಕ್ಬಹುದು ಅನ್ನೋದು. ಅದೂ ಮ್ಯಾನ್ಯುಯಲ್ಲಲ್ಲಿರತ್ತೆ, ಕಾರು ಎಸ್‌ಯುವಿಗಳಿಗೆ ಸಾಮಾನ್ಯವಾಗಿ 50ರಿಂದ 100 ಕೆಜಿ ಒಳಗೆ. ಆ ಲೆಕ್ಕದಲ್ಲಿ ಕ್ಯಾರಿಯರ್‌ನ ತೂಕವೂ ಸೇರತ್ತೆ, ಸುಮಾರು ಜನ ಇದನ್ನ ಮರೀತಾರೆ.

ಪೈಪಿನ ಲೆಕ್ಕ

ಐದಡಿ ಉದ್ದ ನಾಲ್ಕಡಿ ಅಗಲದ ಕ್ಯಾರಿಯರ್ ಅಂತ ಇಟ್ಕೊಳ್ಳಿ. ಕೆಳಗಿನ ಚೌಕಟ್ಟಿಗೆ 18 ಅಡಿ, ಮೇಲಿನ ಸುತ್ತು ರೈಲಿಗೆ 18 ಅಡಿ, ಅಡ್ಡಪಟ್ಟಿ ಐದು ಹಾಕಿದ್ರೆ 20 ಅಡಿ, ನಡುವಿನ ಗುಟ್ಟ ಕಾಲುಗಳಿಗೆ ಮೂರ್ನಾಲ್ಕು ಅಡಿ, ಒಟ್ಟು 60 ಅಡಿ ಅಂದ್ರೆ 20 ಅಡಿಯ ಮೂರು ಪೈಪು. ಇದನ್ನೇ ಬೇರೆ ಬೇರೆ ಪೈಪಲ್ಲಿ ಮಾಡಿದ್ರೆ ತೂಕ ಎಷ್ಟಾಗತ್ತೆ ನೋಡಿ. 25ಕ್ಕೆ 25 ಮಿಲಿಮೀಟರ್ ಸ್ಕ್ವೇರ್ ಪೈಪು, 16 ಗೇಜು ಅಂದ್ರೆ 1.6 ಮಿಮೀ ದಪ್ಪದ್ದು, ಮೀಟರಿಗೆ ಹೆಚ್ಚು ಕಮ್ಮಿ 1.2 ಕೆಜಿ, ಒಟ್ಟು 22 ಕೆಜಿ ಹತ್ರ. ಅದೇ ಸೈಜಲ್ಲಿ 14 ಗೇಜು, 2 ಮಿಮೀ ದಪ್ಪದ್ದು ತಗೊಂಡ್ರೆ 26 ಕೆಜಿ. ಶಾಪಿನವರು ಗಟ್ಟಿ ಅಂತ ಕೊಡೋ 40ಕ್ಕೆ 40, 2 ಮಿಮೀ ಪೈಪಾದ್ರೆ ಮೀಟರಿಗೆ 2.4 ಕೆಜಿ, ಒಟ್ಟು 44 ಕೆಜಿ ಹತ್ರ ಹೋಗತ್ತೆ, ಅದರ ಮೇಲೆ ಜಾಲರಿ, ಕ್ಲಾಂಪು, ನಟ್ಟು ಬೋಲ್ಟು. ನಿಮ್ಮ ಟಾಪಿನ ಲಿಮಿಟ್ 75 ಕೆಜಿ ಅಂದ್ರೆ ಸಾಮಾನು ಹಾಕೋಕೆ ಉಳಿಯೋದು 30 ಕೆಜಿ ಒಳಗೆ. ಖಾಲಿ ಓಡಾಡುವಾಗ್ಲೂ ಆ ಭಾರ ತಲೆ ಮೇಲೆ ಇದ್ದೇ ಇರತ್ತೆ, ತಿರುವಲ್ಲಿ ಗಾಡಿ ವಾಲೋದು ಗೊತ್ತಾಗತ್ತೆ, ಚಾರ್ಮಾಡಿ ಘಾಟಿ ಥರದ ರಸ್ತೇಲಿ ಅದು ಚೂರೂ ಒಳ್ಳೇದಲ್ಲ.

ನನ್ನ ಪ್ರಕಾರ ಟಾಪ್ ಕ್ಯಾರಿಯರ್‌ಗೆ 25ಕ್ಕೆ 25, ಕೆಳಗಿನ ಚೌಕಟ್ಟು ಅಡ್ಡಪಟ್ಟಿ 14 ಗೇಜು, ಮೇಲಿನ ರೈಲು ಮುಕ್ಕಾಲಿಂಚು ರೌಂಡ್ ಪೈಪು 16 ಗೇಜು, ಇಷ್ಟು ಸಾಕು. 18 ಗೇಜು ಬೇಡ, ವೆಲ್ಡಿಂಗ್ ಮಾಡುವಾಗ್ಲೇ ತೂತು ಬೀಳತ್ತೆ, ತುಕ್ಕು ಹಿಡಿದ್ರೆ ಬೇಗ ಹೋಗತ್ತೆ. ಶಾಪಲ್ಲಿ ಪೈಪ್ ತಗೊಳ್ಳುವಾಗ ಗೇಜ್ ಬಾಯಲ್ಲಿ ಹೇಳಿದ್ದನ್ನ ನಂಬ್ಬೇಡಿ, ವರ್ನಿಯರ್ ಹಾಕಿ ಪೈಪಿನ ಬಾಯಲ್ಲಿ ಅಳೀರಿ, 2 ಮಿಮೀ ಅಂತ ಕೊಟ್ಟಿದ್ದು 1.6 ಇರೋದು ಉಂಟು.

ಅಲ್ಯುಮಿನಿಯಂ ಮಾಡ್ಸೋಣ ಅಂತ ಸುಮಾರು ಜನ ಕೇಳ್ತಾರೆ. ತೂಕ ಕಬ್ಬಿಣದ ಮೂರನೇ ಒಂದು ಭಾಗ, ತುಕ್ಕಿಲ್ಲ, ಎಲ್ಲ ನಿಜ. ಆದ್ರೆ ಅದನ್ನ ಬೆಸೆಯೋಕೆ ಟಿಗ್ ಮೆಷಿನ್, ಅದರಲ್ಲಿ ಪಳಗಿದ ಕೈ ಎರಡೂ ಬೇಕು, ಊರಿನ ಶಾಪಲ್ಲಿ ಇರೋದು ಸಾಮಾನ್ಯವಾಗಿ ರಾಡ್ ವೆಲ್ಡಿಂಗು. ಜೊತೆಗೆ ಬೆಸುಗೆ ಹಾಕಿದ ಜಾಗದ ಪಕ್ಕ ಅಲ್ಯುಮಿನಿಯಂ ಮೆತ್ತಗಾಗತ್ತೆ, ಕುಲುಕಾಟಕ್ಕೆ ಅಲ್ಲೇ ಬಿರುಕು ಬಿಡತ್ತೆ. ಅಲ್ಯುಮಿನಿಯಂ ಬೇಕೇ ಬೇಕು ಅಂದ್ರೆ ದಪ್ಪ ಸೆಕ್ಷನ್ ತಗೊಂಡು ನಟ್ಟು ಬೋಲ್ಟಲ್ಲಿ ಜೋಡ್ಸಿ. ಕರಾವಳಿ ಕಡೆಯೋರು ಅಲ್ಯುಮಿನಿಯಂಗೆ ಸ್ಟೀಲ್ ಬೋಲ್ಟ್ ಹಾಕುವಾಗ ನಡುವೆ ನೈಲಾನ್ ವಾಷರ್ ಇಡಿ, ಉಪ್ಪು ಗಾಳಿಗೆ ಎರಡು ಲೋಹ ತಾಗಿದ ಕಡೆ ಬೆಳ್ಳಗೆ ಪುಡಿ ಎದ್ದು ತಿಂದ್ಕೊಂಡು ಹೋಗತ್ತೆ.

ಕಾಲು ಮತ್ತೆ ಕ್ಲಾಂಪು

ಇಲ್ಲಿ ಟೈಮ್ ತಗೊಳ್ಳಿ, ಇಡೀ ಕೆಲ್ಸದ ಜೀವ ಇಲ್ಲಿರೋದು. ಒಂದು ಕಡೆಗೆ ಕಮ್ಮಿ ಅಂದ್ರೂ ಮೂರು ಕಾಲು, ಬೊಲೆರೋದಷ್ಟು ಉದ್ದದ ಟಾಪಾದ್ರೆ ನಾಲ್ಕು. ಕಾಲು ಕೂರೋ ಜಾಗ ಆದಷ್ಟು ಪಿಲ್ಲರ್ ಮೇಲೋ ಅದರ ಹತ್ರವೋ ಬರಲಿ, ಎರಡು ಬಾಗಿಲಿನ ನಡುವಿನ ಪಿಲ್ಲರ್ ಎಲ್ಲಕ್ಕಿಂತ ಗಟ್ಟಿ. ಅಡ್ಡಪಟ್ಟಿ ಪ್ರತಿಯೊಂದೂ ಒಂದು ಜೊತೆ ಕಾಲಿನ ನೆತ್ತಿ ಮೇಲೇ ಬರೋ ಹಂಗೆ ಲೆಕ್ಕ ಹಾಕಿ, ಆಗ ಭಾರ ಅಡ್ಡಪಟ್ಟಿಯಿಂದ ನೇರ ಕಾಲಿಗೆ ಹೋಗತ್ತೆ, ಉದ್ದದ ಪೈಪ್ ಬಾಗೋ ಮಾತೇ ಬರಲ್ಲ. ಐದನೇ ಪಟ್ಟಿ ಒಂದು ನಡುವೆ ಉಳಿದ್ರೆ ಪರ್ವಾಗಿಲ್ಲ.

ಕ್ಲಾಂಪಿಗೆ 40 ಮಿಮೀ ಅಗಲ 5 ಮಿಮೀ ದಪ್ಪದ ಪಟ್ಟಿ ತಗೊಳ್ಳಿ. ಒಂದು ತುಂಡು ಕಾಲಿನ ಕೆಳಗೆ ಗಟರ್ ಒಳಗೆ ಕೂರೋದು, ಅದರ ತಳ ಗಟರ್ ಆಕಾರಕ್ಕೆ ಗ್ರೈಂಡರಲ್ಲಿ ತಿದ್ದಿ ಸರಿಯಾಗಿ ಕೂರ್ಬೇಕು, ಮೂಲೆ ಮೇಲೆ ನಿಲ್ಬಾರ್ದು. ಇನ್ನೊಂದು ತುಂಡು ಹೊರಗಿಂದ ಬಂದು ಗಟರ್ ತುಟಿಯ ಕೆಳಗೆ ಕೊಕ್ಕೆ ಥರ ಹಿಡಿಯೋದು. ಎರಡನ್ನೂ ಎಂ8 ಬೋಲ್ಟ್, 13 ನಂಬರ್ ಸ್ಪ್ಯಾನರ್ ಹಿಡಿಯತ್ತಲ್ಲ ಅದು, ಒಂದಕ್ಕೊಂದು ಎಳ್ಕೊಳ್ಬೇಕು. ಬೋಲ್ಟ್ ತಲೆ ಮೇಲೆ 8.8 ಅಂತ ಅಚ್ಚು (ಅದು ಬೋಲ್ಟಿನ ಬಲದ ದರ್ಜೆ) ಇರೋದೇ ತಗೊಳ್ಳಿ, ಅಚ್ಚಿಲ್ಲದ ಬೋಲ್ಟ್ ಬೇಡ. ನೈಲಾಕ್ ನಟ್ಟು (ಸಡಿಲ ಆಗದ ಹಾಗೆ ಒಳಗೆ ನೈಲಾನ್ ಬಳೆ ಇರೋದು), ಎರಡೂ ಕಡೆ ವಾಷರ್. ಲೋಹಕ್ಕೂ ಪೇಂಟಿಗೂ ನಡುವೆ ಹಳೇ ಟ್ಯೂಬಿನ ರಬ್ಬರ್ ಒಂದು ಪದರ. ದಪ್ಪ ರಬ್ಬರ್ ಇಟ್ರೆ ಒಳ್ಳೇದು ಅಂತ ಅನ್ಸತ್ತೆ, ಆದ್ರೆ ದಪ್ಪ ಮೆತ್ತನೆ ರಬ್ಬರ್ ಕುಲುಕಿ ಕುಲುಕಿ ತೆಳ್ಳಗಾಗಿ ಬೋಲ್ಟ್ ಸಡಿಲ ಆಗತ್ತೆ, ಎರಡು ಮೂರು ಮಿಮೀ ಇದ್ರೆ ಸಾಕು. ಟೈಟ್ ಮಾಡುವಾಗ ಮೈಮೇಲಿನ ಬಲ ಎಲ್ಲ ಹಾಕ್ಬೇಡಿ, ಟಾರ್ಕ್ ರೆಂಚ್ (ಎಷ್ಟು ಬಿಗಿ ಆಯ್ತು ಅಂತ ತೋರ್ಸೋ ಸ್ಪ್ಯಾನರ್) ಇರೋರಿಗೆ ಹೇಳೋದಾದ್ರೆ 8.8 ಎಂ8 ಬೋಲ್ಟು 25 ನ್ಯೂಟನ್ ಮೀಟರ್ ಬಿಗಿ ತಡೀತದೆ, ಗಟರ್ ಶೀಟಿಗೆ ಅಷ್ಟೂ ಬೇಡ, ತುಟಿ ಮಡಿಚೋಕೆ ಶುರು ಆಗೋದಕ್ಕಿಂತ ಮುಂಚೆ ನಿಲ್ಸಿ.

ಕ್ಲಾಂಪ್ ಹಾಕೋ ಮುಂಚೆ ಗಟರ್ ಒಳಗಿನ ಎಲೆ, ಮಣ್ಣು, ಪಾಚಿ ಎಲ್ಲ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿ ತೊಳೀರಿ. ಕೆಳಗೆ ತುಕ್ಕು ಇದ್ರೆ ಆವಾಗ್ಲೇ ಕಾಣೋದು. ತುಕ್ಕು ತಿಂದಿರೋ ಗಟರ್ ಮೇಲೆ ಕ್ಯಾರಿಯರ್ ಕೂರಿಸ್ಬೇಡಿ, ಮೊದ್ಲು ಟಿಂಕರಿಂಗ್ ಮಾಡ್ಸಿ.

ಬ್ರೇಕ್ ಹಾಕಿದಾಗ ಏನಾಗತ್ತೆ ಅನ್ನೋದನ್ನೂ ಯೋಚ್ನೆ ಮಾಡಿ. 60 ಕೆಜಿ ಸಾಮಾನಿದೆ, ಎಮ್ಮೆ ಅಡ್ಡ ಬಂತು, ಒಣ ಟಾರ್ ರಸ್ತೇಲಿ ಗಟ್ಟಿಯಾಗಿ ಬ್ರೇಕ್ ತುಳಿದ್ರಿ, ಆಗ ಆ ಸಾಮಾನು 45-50 ಕೆಜಿಯಷ್ಟು ಬಲದಿಂದ ಮುಂದಕ್ಕೆ ತಳ್ಳತ್ತೆ, ಅದೂ ಟಾಪಿನ ಎತ್ತರದಲ್ಲಿ. ಕಾಲು ನೆಟ್ಟಗೆ ಕಡ್ಡಿ ಥರ ನಿಂತಿದ್ರೆ ಮುಂದಕ್ಕೆ ಬಗ್ಗತ್ತೆ. ಮುಂದಿನ ಮತ್ತೆ ಹಿಂದಿನ ಜೊತೆ ಕಾಲುಗಳಿಗೆ ಓರೆಯಾಗಿ ಒಂದೊಂದು ಸಪೋರ್ಟ್ ಪಟ್ಟಿ ಬೆಸೆದ್ರೆ ಆ ಬಲ ತಡ್ಕೊಳತ್ತೆ. ಅಷ್ಟು ಸಣ್ಣ ತ್ರಿಕೋನ ಮಾಡೋ ಕೆಲ್ಸ ದಪ್ಪ ಪೈಪು ಮಾಡಲ್ಲ.

ಕಟಿಂಗ್, ವೆಲ್ಡಿಂಗ್

ವೆಲ್ಡಿಂಗ್ ಯಾವ್ದೇ ಕಾರಣಕ್ಕೂ ಗಾಡಿ ಮೇಲೆ ಬೇಡ. ಅಳತೆ ಗಾಡಿ ಮೇಲೆ ತಗೊಳ್ಳಿ, ಕೆಲ್ಸ ನೆಲದ ಮೇಲೆ ಮಾಡ್ಸಿ. ಏನಾದ್ರೂ ಒಂದು ಟ್ಯಾಕ್ (ಜಾಗಕ್ಕೆ ಹಿಡಿದಿಡೋಕೆ ಹಾಕೋ ಚುಕ್ಕಿ ಬೆಸುಗೆ) ಗಾಡಿ ಮೇಲೇ ಹಾಕ್ಲೇಬೇಕು ಅಂತ ವೆಲ್ಡರ್ ಹೇಳಿದ್ರೆ ಬ್ಯಾಟರಿ ನೆಗೆಟಿವ್ ಬಿಚ್ಚಿ, ಅರ್ತಿಂಗ್ ಕ್ಲಿಪ್ ಕ್ಯಾರಿಯರ್ ಪೈಪಿಗೇ ಹಾಕ್ಸಿ, ಗ್ಲಾಸ್ ಮೇಲೆಲ್ಲ ಒದ್ದೆ ಗೋಣಿಚೀಲ ಹೊದೆಸಿ. ಗ್ರೈಂಡರ್ ಕಿಡಿ ಗ್ಲಾಸಿಗೆ ತಾಗಿದ್ರೆ ಚುಕ್ಕಿ ಚುಕ್ಕಿಯಾಗಿ ಗ್ಲಾಸೊಳಗೇ ಕೂತ್ಬಿಡತ್ತೆ, ಉಜ್ಜಿದ್ರೂ ಹೋಗಲ್ಲ.

ಮೂಲೆಗಳು 45 ಡಿಗ್ರಿ ಕಟ್ ಆಗ್ಲಿ. ಮೊದ್ಲು ಬರೀ ಟ್ಯಾಕ್ ಹಾಕ್ಸಿ, ಆಮೇಲೆ ಟೇಪ್ ಹಿಡಿದು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೀರಿ. ಐದಕ್ಕೆ ನಾಲ್ಕಡಿ ಚೌಕಟ್ಟಾದ್ರೆ ಎರಡೂ ಅಳತೆ 1952 ಮಿಮೀ ಹತ್ರ ಬರ್ಬೇಕು. ಎರಡಕ್ಕೂ ಮೂರು ಮಿಮೀಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ಈಗ್ಲೇ ತಟ್ಟಿ ಸರಿ ಮಾಡಿ, ಫುಲ್ ವೆಲ್ಡ್ ಆದ್ಮೇಲೆ ಏನೂ ಮಾಡೋಕಾಗಲ್ಲ. ಫುಲ್ ವೆಲ್ಡ್ ಒಂದೇ ಕಡೆಯಿಂದ ಹಾಕ್ತಾ ಹೋದ್ರೆ ಬಿಸಿಗೆ ಚೌಕಟ್ಟು ತಿರುಚ್ಕೊಳತ್ತೆ, ಒಂದು ಮೂಲೆ ಆದ್ಮೇಲೆ ಎದುರು ಮೂಲೆ, ಹಿಂಗೆ ಬದಲಾಯಿಸ್ತಾ ಹಾಕ್ಬೇಕು, ತಿರುಚಿದ ಚೌಕಟ್ಟನ್ನ ಬಲವಂತವಾಗಿ ಬೋಲ್ಟ್ ಹಾಕಿ ಟಾಪಿಗೆ ಎಳೆದು ಕೂರಿಸಿದ್ರೆ ಗಟರ್ ಮೇಲೆ ದಿನಾ ಆ ಎಳೆತ ಇರತ್ತೆ.

2 ಮಿಮೀ ಪೈಪಿಗೆ 12 ಗೇಜ್ ರಾಡ್, ಅಂದ್ರೆ 2.5 ಮಿಮೀ ರಾಡು, 60ರಿಂದ 90 ಆಂಪಿಯರ್ ಒಳಗೆ. ಗೇಟ್ ಕೆಲ್ಸಕ್ಕೆ ಅಂತ ಮೆಷಿನ್ನಲ್ಲಿ ಇರೋ ದಪ್ಪ ರಾಡ್ ಹಾಗೇ ಉಪಯೋಗಿಸಿದ್ರೆ ಪೈಪ್ ಉರಿದು ಹೋಗತ್ತೆ, ಆಮೇಲೆ ಆ ತೂತು ಮುಚ್ಚೋಕೆ ಗುಡ್ಡೆ ಗುಡ್ಡೆ ಹಾಕ್ತಾರೆ. ಒಂದು ಮಾತು ಶಾಪಿನವ್ರಿಗೆ ಮೊದ್ಲೇ ಹೇಳ್ಬಿಡಿ: ಭಾರ ಹೊರೋ ಜಾಯಿಂಟನ್ನ ಗ್ರೈಂಡ್ ಮಾಡಿ ನುಣ್ಣಗೆ ಮಾಡ್ಬೇಡಿ. ಅಂದಕ್ಕೆ ಅಂತ ಉಜ್ಜಿದ್ರೆ ಬೆಸುಗೆಯ ಅರ್ಧ ಬಲ ಗ್ರೈಂಡಿಂಗ್ ವೀಲಲ್ಲಿ ಹೋಗಿರತ್ತೆ. ಕೈಗೆ ತಾಗೋ ಮೇಲಿನ ರೈಲು ಮಾತ್ರ ನುಣುಪಾದ್ರೆ ಸಾಕು. ಜಿಐ ಪೈಪ್ ಆದ್ರೆ ಬೆಸೆಯೋ ಜಾಗದಲ್ಲಿ ಸತುವಿನ ಲೇಪ ಉಜ್ಜಿ ತೆಗೀಬೇಕು, ಅದರ ಹೊಗೆ ಕುಡಿದ್ರೆ ರಾತ್ರಿ ಚಳಿ ಜ್ವರ ಬರತ್ತೆ, ಗಾಳಿ ಆಡೋ ಕಡೆ ಕೆಲ್ಸ ಮಾಡ್ಲಿ.

ಮೇಲಿನ ರೈಲಿಗೆ ಪೈಪಿನ ಲೆಕ್ಕದಲ್ಲಿ ಸುತ್ತಲೂ ಹಿಡಿದಿದ್ವಿ, ಆದ್ರೆ ಸುತ್ತಲೂ ಬೇಡ, ಮೂರು ಕಡೆ ಸಾಕು, ಹಿಂದಗಡೆ ಓಪನ್ ಬಿಡಿ. ಏಣಿ, ಪೈಪ್ ಎಲ್ಲ ಹಿಂದಿಂದ ತಳ್ಳಿದ್ರೆ ಜಾರ್ಕೊಂಡು ಹೋಗತ್ತೆ, ಅನ್‌ಲೋಡ್ ಮಾಡೋರಿಗೆ ಸೊಂಟ ಉಳಿಯತ್ತೆ. ರೈಲಿನ ಹೊರಗಡೆಗೆ ಹಗ್ಗ ಸಿಕ್ಸೋಕೆ 8 ಮಿಮೀ ರಾಡಿನ ಕೊಕ್ಕೆ ಎಷ್ಟು ಜಾಸ್ತಿ ಹಾಕ್ಸಿದ್ರೂ ಒಳ್ಳೇದೇ. ಜಾಲರಿ ಬೇಡ ಅನ್ನೋದು ನನ್ನ ಅಭಿಪ್ರಾಯ, ತೂಕ ಜಾಸ್ತಿ, ಗಾಳಿಗೆ ಶಬ್ದ, ಕೆಸರು ಹಿಡ್ಕೊಳತ್ತೆ. ಸಣ್ಣ ಸಾಮಾನು ಇಡೋರು ಆದ್ರೆ ಮುಕ್ಕಾಲಿಂಚಿನ 3 ಮಿಮೀ ಪಟ್ಟಿ ಉದ್ದಕ್ಕೆ ನಾಲ್ಕು ಹಾಕ್ಸಿ.

ಟಾಪಿಗೂ ಕ್ಯಾರಿಯರ್‌ಗೂ ನಡುವೆ ಕೈ ತೂರೋಷ್ಟು ಜಾಗ ಇರ್ಲಿ, ಎರಡಿಂಚು ಸಾಕು. ಕಮ್ಮಿ ಆದ್ರೆ ಭಾರ ಬಿದ್ದಾಗ ಅಡ್ಡಪಟ್ಟಿ ಬಗ್ಗಿ ಟಾಪಿಗೆ ತಾಗತ್ತೆ, ಎಲೆ ಸಿಕ್ಕಾಕ್ಕೊಂಡು ಕೊಳೆಯತ್ತೆ. ಜಾಸ್ತಿ ಆದ್ರೆ ಎತ್ತರ ಸುಮ್ನೆ ಏರತ್ತೆ. ಬೊಲೆರೋ ಕಂಪನಿ ಎತ್ತರವೇ 1880 ಮಿಮೀ, ಕ್ಯಾರಿಯರ್ ಸೇರಿ ಎರಡು ಮೀಟರ್ ದಾಟತ್ತೆ, ಬೆಂಗ್ಳೂರಿನ ಬೇಸ್‌ಮೆಂಟ್ ಪಾರ್ಕಿಂಗ್ ಬೋರ್ಡ್ ನೋಡಿ ಒಳಗೆ ಹೋಗಿ.

ಗಾಳಿ

80 ಸ್ಪೀಡಲ್ಲಿ ಹೋಗುವಾಗ ಎದುರು ಗಾಳಿ ಒಂದು ಚದರ ಮೀಟರಿಗೆ ಸುಮಾರು 30 ಕೆಜಿಯಷ್ಟು ಒತ್ತತ್ತೆ, 40 ಸ್ಪೀಡಲ್ಲಿ ಅದರ ಕಾಲು ಭಾಗ. ಸ್ಪೀಡ್ ಡಬಲ್ ಆದ್ರೆ ಒತ್ತಡ ನಾಲ್ಕು ಪಟ್ಟು. ಎಂಟಕ್ಕೆ ನಾಲ್ಕಡಿ ಪ್ಲೈವುಡ್ ಮೇಲೆ ಹಾಕ್ಕೊಂಡು ಹೈವೇಲಿ ಹೋಗೋರು ಇದನ್ನ ನೆನಪಲ್ಲಿ ಇಟ್ಕೊಳ್ಬೇಕು, ಶೀಟಿನ ಮುಂದಿನ ಅಂಚು ಒಂಚೂರು ಎತ್ತಿದ್ರೆ ಗಾಳಿ ಕೆಳಗೆ ನುಗ್ಗಿ ಇಡೀ ಕ್ಯಾರಿಯರನ್ನೇ ಮೇಲಕ್ಕೆ ಎತ್ತೋಕೆ ನೋಡತ್ತೆ. ಶೀಟಿನ ಮುಂಭಾಗದಿಂದ ಬಂಪರ್ ಕೊಕ್ಕೆಗೆ ಒಂದು ಹಗ್ಗ ಬೇಕೇ ಬೇಕು, ಸ್ಪೀಡು ಕಮ್ಮಿ ಇರ್ಲಿ. ಖಾಲಿ ಕ್ಯಾರಿಯರ್ ಸ್ಪೀಡಲ್ಲಿ ಊಳಿಡೋ ಶಬ್ದ ಮಾಡ್ತಿದ್ರೆ ಮುಂದಿನ ಅಡ್ಡ ಪೈಪಿಗೆ ತೆಳ್ಳನೆ ಹಗ್ಗವನ್ನ ಎರಡ್ಮೂರಿಂಚು ಅಂತರ ಬಿಟ್ಟು ಬಳ್ಳಿ ಹಬ್ಬಿದ ಹಾಗೆ ಓರೆಯಾಗಿ ಸುತ್ತಿ, ಗಾಳಿ ಒಂದೇ ಲಯದಲ್ಲಿ ಸುಳಿ ಬಿಡೋದು ಒಡೆದು ಶಬ್ದ ತುಂಬ ಇಳಿಯತ್ತೆ.

ಪಿಕಪ್ಪಿನ ಹಿಂದಿನ ಬಾಡಿ ಮೇಲೆ ರ‍್ಯಾಕ್

ಕ್ಯಾಂಪರ್, ಯೋಧ, ವಿ-ಕ್ರಾಸ್, ಹೈಲಕ್ಸ್ ಇಟ್ಕೊಂಡಿರೋರಿಗೆ ಈ ಭಾಗ. ಇಲ್ಲಿ ಒಂದು ವಿಷ್ಯ ಎಲ್ಲಕ್ಕಿಂತ ಮೇಲೆ: ಹಿಂದಿನ ರ‍್ಯಾಕನ್ನೂ ಕ್ಯಾಬಿನ್ ಮೇಲಿನ ಕ್ಯಾರಿಯರನ್ನೂ ಒಂದಕ್ಕೊಂದು ಬೆಸೀಬೇಡಿ, ಬೋಲ್ಟೂ ಹಾಕ್ಬೇಡಿ. ಇಂಥ ಗಾಡೀಲಿ ಕ್ಯಾಬಿನ್ ಬೇರೆ, ಹಿಂದಿನ ಬಾಡಿ ಬೇರೆ, ಎರಡೂ ಒಂದೇ ಚಾಸಿ ಮೇಲೆ ಬೇರೆ ಬೇರೆ ಕೂತಿರ್ತವೆ. ಗಾಡಿ ಒಂದು ಚಕ್ರ ದೊಡ್ಡ ಕಲ್ಲಿನ ಮೇಲೆ ಹತ್ಸಿ ನಿಲ್ಸಿ, ಇಳಿದು ಹೋಗಿ ಕ್ಯಾಬಿನ್ನಿಗೂ ಬಾಡಿಗೂ ನಡುವಿನ ಸಂದಿ ನೋಡಿ. ಮೇಲೆ ಒಂದು ಕಡೆ ಸಂದಿ ಅಗಲ ಆಗಿ ಇನ್ನೊಂದು ಕಡೆ ಕಿರಿದಾಗಿರೋದು ಕಣ್ಣಿಗೇ ಕಾಣತ್ತೆ. ಚಾಸಿ ತಿರುಚ್ಕೊಳ್ಳೋಕೆ ಅಂತಾನೇ ಹಂಗೆ ಮಾಡಿರೋದು. ಎರಡನ್ನೂ ಸೇರ್ಸಿ ಒಂದೇ ಉದ್ದ ರ‍್ಯಾಕ್ ಮಾಡಿದ್ರೆ ಪ್ರತಿ ಗುಂಡೀಲೂ ಆ ತಿರುಚಾಟ ಎಲ್ಲ ರ‍್ಯಾಕಿನ ಮೇಲೆ ಬಂದು, ಮೊದ್ಲು ವೆಲ್ಡಿಂಗ್ ಬಿರುಕು, ಆಮೇಲೆ ಕ್ಯಾಬಿನ್ ಟಾಪಿನ ಶೀಟ್ ಹರಿಯತ್ತೆ. ಉದ್ದದ ಏಣಿ ಎರಡರ ಮೇಲೂ ಮಲಗ್ಬೇಕು ಅಂದ್ರೆ ಹಿಂದೆ ಗಟ್ಟಿಯಾಗಿ ಕಟ್ಟಿ, ಮುಂದೆ ಕ್ಯಾಬಿನ್ ಮೇಲೆ ರಬ್ಬರ್ ಇಟ್ಟು ಸ್ವಲ್ಪ ಜಾರೋಕೆ ಬಿಟ್ಟು ಕಟ್ಟಿ.

ರ‍್ಯಾಕ್ ಎತ್ತರ ಕ್ಯಾಬಿನ್ ಟಾಪಿಗಿಂತ ಮೇಲೆ ಹೋಗೋದು ಬೇಡ. ಇಲ್ಲಿ ಕಂಬಗಳಿಗೆ 40ಕ್ಕೆ 40, 2 ಮಿಮೀ ಪೈಪ್ ಸರಿ, ಯಾಕಂದ್ರೆ ಕಂಬ ಎತ್ತರ ಇದ್ದಷ್ಟೂ ಬುಡಕ್ಕೆ ತಿರುಚಾಟ ಜಾಸ್ತಿ, ಮತ್ತೆ ಭಾರ ಹೊರೋದು ಟಾಪ್ ಅಲ್ಲ. ಒಂದೂವರೆ ಮೀಟರ್ ಉದ್ದದ ಬಾಡಿಗೆ ಒಂದು ಕಡೆ ಮೂರು ಕಂಬ, ಮೇಲೆ ಕೆಳಗೆ ಒಂದೊಂದು ಉದ್ದ ಪೈಪು, ಆಮೇಲೆ ಮೂರು ಅಡ್ಡ ಪೈಪು, ಎಲ್ಲ ಸೇರಿ 30 ಕೆಜಿ ಹತ್ರ ಬರತ್ತೆ. ಅಡ್ಡ ಪೈಪನ್ನ ಬೆಸೀದೆ ಬೋಲ್ಟಲ್ಲಿ ಹಾಕ್ಸಿ, ಎತ್ತರದ ಸಾಮಾನು, ಫ್ರಿಜ್ಜೋ ಬೀರುವೋ ತರೋ ದಿನ ಬಿಚ್ಚಿಟ್ರೆ ಆಯ್ತು. ಕಂಬ ಮತ್ತೆ ಪೈಪ್ ಸೇರೋ ಮೂಲೆಗೆ 3 ಮಿಮೀ ಶೀಟಿನ ತ್ರಿಕೋನ ತುಂಡು, ಕ್ಯಾಬಿನ್ ಹಿಂದಗಡೆ ಬರೋ ಮುಖಕ್ಕೆ ಅಡ್ಡಡ್ಡ ಎರಡು ಪಟ್ಟಿ ಗುಣಾಕಾರ ಚಿಹ್ನೆ ಥರ. ಹಿಂಬದಿ ಗ್ಲಾಸಿಂದ ನೋಡೋಕೆ ಅಡ್ಡ ಬರದ ಹಂಗೆ ಪಟ್ಟಿ ಎಲ್ಲಿ ಬರತ್ತೆ ಅಂತ ಸೀಟಲ್ಲಿ ಕೂತು ನೋಡಿ ಗುರ್ತು ಹಾಕ್ಸಿ.

ಕಂಬದ ಬುಡಕ್ಕೆ 150ಕ್ಕೆ 75 ಮಿಮೀ, 5 ಮಿಮೀ ದಪ್ಪದ ಪ್ಲೇಟು, ಅದರ ಅಡಿಗೆ ಬಾಡಿ ಅಂಚಿನ ಒಳಗಡೆಯಿಂದ ಅಷ್ಟೇ ದೊಡ್ಡ ಇನ್ನೊಂದು ಪ್ಲೇಟು ಬಂದು ಶೀಟನ್ನ ನಡುವೆ ಹಿಡ್ಕೊಳ್ಬೇಕು. ಬರೀ ವಾಷರ್ ಹಾಕಿ ಬೋಲ್ಟ್ ಬಿಗಿದ್ರೆ ಆ ತೆಳು ಶೀಟು ಬೋಲ್ಟ್ ಸುತ್ತ ಗುಳಿ ಬಿದ್ದು ಹರಿಯತ್ತೆ. ಬಾಡಿಗೆ ಪ್ಲಾಸ್ಟಿಕ್ ಲೈನರ್ ಹಾಕ್ಸಿದ್ರೆ ಪ್ಲೇಟ್ ಕೂರೋ ಜಾಗದಲ್ಲಿ ಲೈನರ್ ಕತ್ತರಿಸಿ ಲೋಹಕ್ಕೆ ಲೋಹ ಕೂರಿಸಿ, ಪ್ಲಾಸ್ಟಿಕ್ ಒತ್ತಡಕ್ಕೆ ನಿಧಾನಕ್ಕೆ ಕುಗ್ಗತ್ತೆ, ನೀವು ಎಷ್ಟು ಸಲ ಟೈಟ್ ಮಾಡಿದ್ರೂ ಸಡಿಲ ಆಗ್ತಾನೇ ಇರತ್ತೆ.

ಟಾಪ್ ಟೆಂಟ್ ಇಡೋರು ಎರಡು ಲೆಕ್ಕ ಬೇರೆ ಬೇರೆ ಇಟ್ಕೊಳ್ಳಿ. ಟೆಂಟು ಸಾಮಾನ್ಯವಾಗಿ 50-70 ಕೆಜಿ, ಓಡುವಾಗ ಅಷ್ಟೇ ಭಾರ ಆದ್ರೆ ಗುಂಡೀಲಿ ಬಿದ್ದಾಗ ಅದು ಎರಡು ಮೂರು ಪಟ್ಟಾಗಿ ಬಡಿಯತ್ತೆ. ನಿಂತಾಗ ಇಬ್ರು ಮಲಗಿದ್ರೆ 200 ಕೆಜಿ ದಾಟ್ಬಹುದು, ಆದ್ರೆ ಕುಲುಕಾಟ ಇಲ್ಲ. ಪಿಕಪ್ ಇರೋರು ಟೆಂಟನ್ನ ಹಿಂದಿನ ರ‍್ಯಾಕ್ ಮೇಲೇ ಇಡಿ, ಕ್ಯಾಬಿನ್ ಮೇಲೆ ಬೇಡ. ನೀರಿನ ಕ್ಯಾನು, ಡೀಸೆಲ್ ಕ್ಯಾನು, ಟೂಲ್ ಬಾಕ್ಸು ಥರದ ಭಾರದ ಸಾಮಾನೆಲ್ಲ ಬಾಡಿ ನೆಲದಲ್ಲಿ. ಮೇಲೆ ಹೋಗ್ಬೇಕಾದ್ದು ಉದ್ದ ಇದ್ದು ಹಗುರ ಇರೋದು ಮಾತ್ರ. ಗ್ಯಾಸ್ ಸಿಲಿಂಡರ್ ಅಂತೂ ಟಾಪ್ ಮೇಲೆ ಯಾವತ್ತೂ ಬೇಡ.

ಪೇಂಟು, ಮಳೆ

ಆಗುಂಬೆ ಮಳೆ ತಡೆಯೋ ಹಂಗೆ ಮಾಡ್ಬೇಕು ಅಂದ್ರೆ ಪೇಂಟಿಗಿಂತ ಮುಂಚೆ ತೂತು. ಪೈಪಿನ ಬಾಯಿ ಎಲ್ಲ ಶೀಟ್ ತುಂಡು ಬೆಸೆದು ಮುಚ್ಚಿದ್ರೂ ವೆಲ್ಡಿಂಗಿನ ಸೂಜಿಮೊನೆ ತೂತಿಂದ ನೀರು ಒಳಗೆ ಹೋಗೇ ಹೋಗತ್ತೆ, ಹೋದದ್ದು ಹೊರಗೆ ಬರಲ್ಲ, ಒಳಗಿಂದ ತಿನ್ನತ್ತೆ. ಪ್ರತಿ ಪೈಪಿನ ತಗ್ಗಿನ ಕಡೆ ಕೆಳಮುಖವಾಗಿ 5 ಮಿಮೀ ತೂತು ಹೊಡೆಸಿ. ಹೊಸ ಪೈಪಿಗೆ ಎಣ್ಣೆ ಸವರಿರತ್ತೆ, ತಿನ್ನರಲ್ಲಿ ಒರೆಸಿ, ವೆಲ್ಡಿಂಗ್ ಸಿಪ್ಪೆ ಎಲ್ಲ ಸುತ್ತಿಗೇಲಿ ತಟ್ಟಿ ವೈರ್ ಬ್ರಷ್ ಹೊಡ್ದು, ಅದೇ ದಿನ ರೆಡ್ ಆಕ್ಸೈಡ್ ಎರಡು ಕೋಟ್, ಚೆನ್ನಾಗಿ ಒಣಗಿದ್ಮೇಲೆ ಎನಾಮಲ್ ಎರಡು ಕೋಟ್. ಎಪಾಕ್ಸಿ ಪ್ರೈಮರ್ ಸಿಕ್ಕಿದ್ರೆ ಇನ್ನೂ ಒಳ್ಳೇದು. ಪೌಡರ್ ಕೋಟಿಂಗ್ ಮಾಡ್ಸೋರು ಓವನ್ನಲ್ಲಿ 180-200 ಡಿಗ್ರಿಗೆ ಬೇಯಿಸ್ತಾರೆ, ಅದಕ್ಕೂ ಆ ತೂತುಗಳು ಬೇಕು, ರಬ್ಬರ್ ಎಲ್ಲ ಬಿಚ್ಚಿ ಕೊಡಿ. ಪೌಡರ್ ಕೋಟಿಂಗ್ ಚಂದ ಕಾಣತ್ತೆ, ಆದ್ರೆ ಹಗ್ಗ ಉಜ್ಜಿ ಒಂದು ಕಡೆ ಎದ್ರೆ ಅದರಡಿ ತುಕ್ಕು ಹರಡೋದು ಕಾಣಿಸಲ್ಲ, ಎನಾಮಲ್ ಆದ್ರೆ ಮನೇಲೇ ಡಬ್ಬಿ ಬ್ರಷ್ ಹಿಡಿದು ಟಚಪ್ ಮಾಡ್ಬಹುದು. ತೋಟದ ಗಾಡಿಗೆ ನಾನು ಎನಾಮಲ್ಲೇ ಹೇಳೋದು.

ಆರ್‌ಟಿಒ ವಿಷ್ಯ

ಮೋಟಾರು ವಾಹನ ಕಾಯ್ದೆ ಸೆಕ್ಷನ್ 52ರ ಪ್ರಕಾರ ಆರ್‌ಸೀಲಿ ಇರೋ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಂಗಿಲ್ಲ, 2019ರ ಜನವರೀಲಿ ಸುಪ್ರೀಂ ಕೋರ್ಟ್ ಕೂಡ ಇದನ್ನ ಖಡಕ್ಕಾಗಿ ಹೇಳಿದೆ. ಅದಕ್ಕೇ ಕಟ್ ಮಾಡೋದು, ಬಾಡಿಗೆ ಬೆಸೆಯೋದು ಬಿಟ್ಟು ಬಿಚ್ಚೋಕಾಗೋ ಹಂಗೇ ಮಾಡ್ಸಿ, ಪೈಪ್ ತರೋ ಮುಂಚೆ ನಿಮ್ಮ ಆರ್‌ಟಿಒ ಆಫೀಸಲ್ಲಿ ಒಂದು ಸಲ ಕೇಳಿ, ಯೆಲ್ಲೋ ಬೋರ್ಡ್ ಗಾಡಿಯೋರು ಖಂಡಿತ ಕೇಳಿ, ಇನ್ಶೂರೆನ್ಸಿನವ್ರಿಗೂ ತಿಳಿಸಿ. ಸಾಮಾನು ಗಾಡಿ ಅಂಚು ದಾಟಿ ಪಕ್ಕಕ್ಕೋ ಮುಂದಕ್ಕೋ ಹಿಂದಕ್ಕೋ ಚಾಚಿದ್ರೆ 194(1ಎ) ಪ್ರಕಾರ ದಂಡ 20,000 ರೂಪಾಯಿ, ಉದ್ದ ಏಣಿ, ಪೈಪ್ ಸಾಗ್ಸೋರು ಇದನ್ನ ಗಮನದಲ್ಲಿಡಿ. ಟಾಪ್ ಮೇಲೆ ಜನ ಹತ್ಸೋದು ಸೆಕ್ಷನ್ 123ರಲ್ಲಿ ಪೂರ್ತಿ ನಿಷೇಧ, ಹಬ್ಬ ಜಾತ್ರೆ ಅಂತ ಹುಡುಗ್ರು ಹತ್ತಿದ್ರೆ ದಯವಿಟ್ಟು ಇಳಿಸಿ, ಈ ಯಾವ ಲೆಕ್ಕವೂ ಮನುಷ್ಯರನ್ನ ಹೊರೋಕೆ ಹಾಕಿದ್ದಲ್ಲ.

ಫಿಟ್ ಮಾಡಿದ್ಮೇಲೆ

ಮೊದಲ ದಿನ ಖಾಲಿ ಕ್ಯಾರಿಯರಲ್ಲೇ ಒಂದು ಕೆಟ್ಟ ರಸ್ತೇಲಿ ಓಡಿಸಿ ಬನ್ನಿ, ರಬ್ಬರ್ ಎಲ್ಲ ಕೂತ್ಕೊಳತ್ತೆ, ಬಂದು 13 ನಂಬರ್ ಸ್ಪ್ಯಾನರಲ್ಲಿ ಎಲ್ಲ ನಟ್ಟು ನೋಡಿ. ಮತ್ತೆ 100 ಕಿಲೋಮೀಟರ್ ಆದ್ಮೇಲೆ ಇನ್ನೊಂದ್ಸಲ. ಪ್ರತಿ ನಟ್ಟು ಬೋಲ್ಟಿನ ಮೇಲೆ ಪೇಂಟಲ್ಲಿ ಒಂದು ನೇರ ಗೆರೆ ಎಳೆದಿಟ್ರೆ ಆಮೇಲೆ ಸ್ಪ್ಯಾನರ್ ಹಿಡೀದೇನೇ, ಗೆರೆ ತಪ್ಪಿದೆಯಾ ಅಂತ ಕೆಳಗಿಂದ ನೋಡಿದ್ರೂ ಗೊತ್ತಾಗತ್ತೆ.

ಕಟ್ಟೋಕೆ ರ‍್ಯಾಚೆಟ್ ಬೆಲ್ಟ್ ಎಲ್ಲಕ್ಕಿಂತ ಒಳ್ಳೇದು. ನೈಲಾನ್ ಹಗ್ಗ ಒದ್ದೆ ಆದ್ರೆ ಉದ್ದ ಆಗತ್ತೆ, ಒಣಗಿದ್ದಾಗ ಬಿಗಿಯಾಗಿ ಕಟ್ಟಿದ್ದು ಮಳೇಲಿ ಸಡಿಲ ಆಗಿರತ್ತೆ, ಪಾಲಿಯೆಸ್ಟರ್ ಅಷ್ಟು ಎಳೆಯಲ್ಲ. ರಬ್ಬರ್ ಬಂಗಿ ಟಾರ್ಪಾಲ್ ಹಿಡಿಯೋಕೆ ಸರಿ, ಸಾಮಾನು ಹಿಡಿಯೋಕೆ ಅದನ್ನ ನಂಬ್ಬೇಡಿ. ಹೊರಟು ನಾಲ್ಕೈದು ಕಿಲೋಮೀಟರ್ ಆದ್ಮೇಲೆ ಒಂದ್ಸಲ ನಿಲ್ಸಿ ಹಗ್ಗ ಜಗ್ಗಿ ನೋಡೋದು ಅಭ್ಯಾಸ ಮಾಡ್ಕೊಳ್ಳಿ.

ಕೊಯ್ಲು ಮುಗಿದ್ಮೇಲೆ ಕ್ಯಾರಿಯರ್ ಬೇಕಿಲ್ಲ ಅಂದ್ರೆ ಬಿಚ್ಚಿಡಿ, ಮೈಲೇಜು ಉಳಿಯತ್ತೆ, ಗಟರ್ ಒಣಗತ್ತೆ. ಇಬ್ರು ಸೇರಿ ಎತ್ತಿ ಇಳಿಸೋಷ್ಟು ಹಗುರ ಮಾಡ್ಸಿದ್ರೆ ಬಿಚ್ಚೋದಕ್ಕೆ ಯಾರೂ ಬೇಜಾರ್ ಮಾಡ್ಕೊಳ್ಳಲ್ಲ. ಬಿಚ್ಚಿದಾಗ ಕ್ಲಾಂಪ್ ಕೂತಿದ್ದ ಒಂದೊಂದು ಜಾಗವನ್ನೂ ಬೆರಳಲ್ಲಿ ಸವರಿ ನೋಡಿ, ಪೇಂಟ್ ಎದ್ದಿದ್ರೆ ಅವತ್ತೇ ಪ್ರೈಮರ್ ಹಚ್ಚಿ, ಸೀಲಂಟ್ ಬಿರುಕಿದ್ರೆ ಹಳೇದು ಕೆರೆದು ಹೊಸದು ತುಂಬಿ, ರಬ್ಬರ್ ಗಟ್ಟಿಯಾಗಿದ್ರೆ ಬದಲಾಯಿಸಿ, ಆಮೇಲೆ ಬೋಲ್ಟುಗಳಿಗೆ ಒಂಚೂರು ಗ್ರೀಸ್ ಸವರಿ ಒಂದು ಡಬ್ಬೀಲಿ ಹಾಕಿ ಕ್ಯಾರಿಯರ್‌ಗೇ ಕಟ್ಟಿಡಿ.